ರಾಟರ್‌ಡ್ಯಾಮಿನ ಶೇಂಗಾ, ಅಫಜಲಪುರದ ಬೆಲ್ಲ

ಅಫಜಲಪುರದಲ್ಲಿ ನಮ್ಮ ಮನೆಗೂ ಮೌಲಾಲಿ ಕಾಕಾನ ಮನೆಗೂ ನಡುವೆ ಒಂದೇ ಗೋಡೆ. ಆ ಗೋಡೆಯಲ್ಲಿ ತಲೆ ತೂರುವಷ್ಟು ಒಂದು ಕಿಂಡಿ. ನನ್ನ ಅವ್ವ ಗೌರಾಬಾಯಿ ಮತ್ತು ಕಾಕಾನ ಹೆಂಡತಿ ಸರ್ವರಬೇಗಂ ದಿನಕ್ಕೆ ಹತ್ತು ಸಲ ಆ ಕಿಂಡಿಯಲ್ಲೇ ಭೇಟಿಯಾಗುತ್ತಿದ್ದರು. ಹಾಗಾಗಿ ನಾನು ಇಲ್ಲಿ ಬರೆಯುತ್ತಿರುವುದರಲ್ಲಿ ಅರ್ಧ ನಾನೇ ಕಂಡದ್ದು. ಉಳಿದರ್ಧ ಕಾಕಾ ನಮ್ಮ ಕಟ್ಟೆಯ ಮೇಲೆ ಕೂತು, ಚಹಾದ ಬಸಿ ಕೈಯಲ್ಲಿ ಹಿಡಿದು ಹೇಳಿದ್ದು. ಹೇಳುವಾಗ ಅವರು ಹಾಲೆಂಡಿನ ಚೀನೀ ಅಜ್ಜನ ಬಾಯಲ್ಲೂ ನಮ್ಮ ಊರಿನ ಮಾತನ್ನೇ ಆಡಿಸುತ್ತಿದ್ದರು. ನಾನೂ ಹಾಗೇ ಬರೆದಿದ್ದೇನೆ.

ಕಾಕಾನ ತಾಯಿ ಅಜೀಜಾಬಿ ಬಸ್ ಸ್ಟ್ಯಾಂಡಿನ ಎದುರು ಬೇವಿನ ಮರದ ಕೆಳಗೆ ಶೇಂಗಾ ಹುರಿದು ಮಾರುತ್ತಿದ್ದರು. ಕಬ್ಬಿಣದ ಬಾಣಲೆಯಲ್ಲಿ ಭೀಮಾ ನದಿಯ ಉಸುಕು, ಉಸುಕಿನಲ್ಲಿ ಕಾಯಿ. ಕಣ್ಣು ಮುಚ್ಚಿಕೊಂಡು ಬರೀ ವಾಸನೆಯಿಂದಲೇ ಹದ ಹೇಳುವುದನ್ನು ಕಾಕಾ ಅಲ್ಲಿ ಕಲಿತರು. ಅದನ್ನು ಒಂದು ವಿದ್ಯೆ ಎಂದು ಆಗ ಯಾರೂ ತಿಳಿದಿರಲಿಲ್ಲ, ಅವರೂ ತಿಳಿದಿರಲಿಲ್ಲ.

ಎಪ್ಪತ್ತಮೂರರಲ್ಲಿ ಅವರ ಸೋದರಮಾವ ಗೌಸಮೊಹಿದ್ದೀನ, ಮುಂಬಯಿ ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದವರು, ಅಳಿಯನನ್ನು ಕರೆದೊಯ್ದು ಒಂದು ಸರಕು ಹಡಗಿನ ಅಡುಗೆಮನೆಯಲ್ಲಿ ಕೆಲಸಕ್ಕೆ ಹಚ್ಚಿದರು. ಎರಡು ವರ್ಷ ಕಾಕಾ ಸಮುದ್ರದ ಮೇಲೆ ಉಳ್ಳಾಗಡ್ಡಿ ಹೆಚ್ಚಿದರು. ಎಪ್ಪತ್ತೈದರ ಚಳಿಗಾಲದಲ್ಲಿ ಹಡಗು ಹಾಲೆಂಡಿನ ರಾಟರ್‌ಡ್ಯಾಮ್ ಬಂದರು ಸೇರುವ ಮುಂಚೆ ಅಲೆಗೆ ಸಿಕ್ಕು ವಾಲಿತು. ಒಲೆಯ ಮೇಲಿನ ಕುದಿಯುವ ಎಣ್ಣೆ ಕಾಕಾನ ಎಡಗೈ ಮೇಲೆ ಬಿತ್ತು. ಮೊಣಕೈಯಿಂದ ಬೆರಳ ತುದಿಯವರೆಗೆ ಚರ್ಮ ಸುಲಿಯಿತು. ದಡಕ್ಕೆ ಇಳಿಸಿ ಆಸ್ಪತ್ರೆಗೆ ಸೇರಿಸಿದರು. ಐದು ವಾರದ ಮೇಲೆ ಹೊರಗೆ ಬಂದಾಗ ಹಡಗು ಹೋಗಿಬಿಟ್ಟಿತ್ತು. ಅದರ ಕಂಪನಿಯೂ ಬಾಗಿಲು ಮುಚ್ಚಿತ್ತು. ಊರಿಗೆ ಕಳಿಸಿಕೊಡುವವರು ಯಾರೂ ಇರಲಿಲ್ಲ. ಹಡಗಿನವರಿಗೆಂದೇ ಇದ್ದ ಧರ್ಮಶಾಲೆಯಂಥ ಒಂದು ಮನೆಯಲ್ಲಿ ಹಾಸಿಗೆ ಸಿಕ್ಕಿತು, ಅಷ್ಟೇ.

ಅಲ್ಲಿ ಒಂದು ಮಧ್ಯಾಹ್ನ, ಹೆಸರು ಓದಲು ಬಾರದ ಒಂದು ಬೀದಿಯಲ್ಲಿ ನಡೆಯುತ್ತಿದ್ದಾಗ, ಕಾಕಾನ ಮೂಗಿಗೆ ಶೇಂಗಾ ಸೀಯುವ ವಾಸನೆ ಬಡಿಯಿತು.

"ಆ ವಾಸನಿ ಬಂತಲ್ಲ, ನಂಗ ನಮ್ಮವ್ವ ಒದರಿದಂಗಾತು ನೋಡವ್ವ," ಎನ್ನುತ್ತಿದ್ದರು ಕಾಕಾ. "ಯಾರ ಮನಿ, ಏನು, ಯಾವುದೂ ನೋಡಲಿಲ್ಲ. ಹಿಂದಿನ ಬಾಗಿಲಿಂದ ಒಳಗ ಹೊಕ್ಕೇ ಬಿಟ್ಟೆ."

ಅದೊಂದು ಹೋಟೆಲಿನ ಅಡುಗೆಮನೆ. ಒಲೆಯ ಮೇಲೆ ದೊಡ್ಡ ಬಾಣಲೆ, ಒಳಗೆ ಕಪ್ಪಾಗುತ್ತಿರುವ ಶೇಂಗಾ. ಕಾಕಾ ಒಂದೇ ಕೈಯಲ್ಲಿ ಬಾಣಲೆ ಇಳಿಸಿದರು. ಕಾಳುಗಳನ್ನು ಪರಾತದಲ್ಲಿ ಹರವಿ, ಸೀದದ್ದನ್ನು ಬೇರೆ ಮಾಡುತ್ತ ಕೂತರು. ಹಿಂದಿನಿಂದ ಯಾರೋ ಕೂಗಿದರು. ತಿರುಗಿ ನೋಡಿದರೆ ಸಣಕಲು ಮೈಯ ಒಬ್ಬ ಚೀನೀ ಮುದುಕ ಸೌಟು ಎತ್ತಿ ನಿಂತಿದ್ದ. ಕಳ್ಳನೆಂದು ತಿಳಿದಿದ್ದ. ಕಾಕಾ ಹೆದರಿ ಏಳಲಿಲ್ಲ. ಹದವಾಗಿ ಹುರಿದ ಒಂದು ಕಾಳನ್ನು ಆರಿಸಿ, ಸಿಪ್ಪೆ ಊದಿ ಅವನ ಮುಂದೆ ಹಿಡಿದರು. ಮುದುಕ ಕಡಿದು ನೋಡಿದ. ಆಮೇಲೆ ಒಂದು ಚೀಲ ಹಸಿ ಶೇಂಗಾ ತಂದು ಎದುರಿಗಿಟ್ಟು ಒಲೆ ತೋರಿಸಿದ.

ಆ ಚೀಲ ಹುರಿದು ಮುಗಿಯುವ ಹೊತ್ತಿಗೆ ಕಾಕಾನಿಗೆ ನೌಕರಿ ಸಿಕ್ಕಿತ್ತು.

ಮುದುಕನ ಹೆಸರು ಲೌ. ದಕ್ಷಿಣ ಚೀನಾದ ಒಂದು ಹಳ್ಳಿಯವನು. ಅವನ ಹೆಂಡತಿ ಯಾನ್ನಾ ಅಲ್ಲಿಯವಳೇ, ಡಚ್ ಹೆಂಗಸು, ಎತ್ತರದ ಆಳು, ಗಂಡನಿಗಿಂತ ಒಂದು ಗೇಣು ಹೆಚ್ಚು. ಮಕ್ಕಳಿರಲಿಲ್ಲ. ಮುಂದಿನ ಕೋಣೆಯಲ್ಲಿ ಯಾನ್ನಾ ಗಿರಾಕಿಗಳನ್ನು ನೋಡಿಕೊಂಡರೆ, ಹಿಂದೆ ಇಬ್ಬರು ಚೀನೀ ಅಡುಗೆಯವರ ಜತೆ ಲೌ. ಅವರ ಹೋಟೆಲಿನಲ್ಲಿ ಸುಟ್ಟ ಮಾಂಸದ ಮೇಲೆ ಶೇಂಗಾದ ಗೊಜ್ಜು ಸುರಿದು ಕೊಡುತ್ತಿದ್ದರು, ಊರಿಗೆ ಊರೇ ಅದನ್ನು ತಿನ್ನಲು ಬರುತ್ತಿತ್ತು. ಹಂದಿ ಮಾಂಸ ಮುಟ್ಟುವುದಿಲ್ಲವೆಂದು ಕಾಕಾ ಮೊದಲ ದಿನವೇ ಕೈಸನ್ನೆಯಲ್ಲಿ ಹೇಳಿದರು. ಮರುದಿನ ಬಂದು ನೋಡಿದರೆ ಮೂಲೆಯಲ್ಲಿ ಬೇರೆ ಒಲೆ, ಬೇರೆ ಬಾಣಲೆ, ಬೇರೆ ಚಾಕು. ಅದರ ಹಿಡಿಕೆಗೆ ಲೌ ಹಸಿರು ದಾರ ಸುತ್ತಿದ್ದ. ಆ ಚಾಕುವನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಕಾಗದಪತ್ರಗಳ ಕೆಲಸಕ್ಕೆ ಲೌ ತಾನೇ ಕಚೇರಿಗೆ ಹೋಗಿ, ಈ ಮನುಷ್ಯನಿಗೆ ನಾನು ಜಾಮೀನು ಎಂದು ಸಹಿ ಹಾಕಿ ಬಂದ.

ವರ್ಷ ಕಳೆದು, ಮಾತು ಅಷ್ಟಿಷ್ಟು ಬಂದ ಮೇಲೆ, ಒಂದು ಭಾನುವಾರ ಲೌ ತನ್ನ ಕಥೆ ಹೇಳಿದ. ಇಬ್ಬರೂ ಶೇಂಗಾ ಸುಲಿಯುತ್ತಿದ್ದರು.

"ನಾನೂ ಹಡಗಿನವನೇ," ಎಂದ ಲೌ. "ಬಾಯ್ಲರಿಗೆ ಕಲ್ಲಿದ್ದಲಿ ಹಾಕ್ತಿದ್ದೆ. ಮೂವತ್ತೊಂದನೇ ಇಸವಿ. ಹಡಗಿನ ಧಂದೆ ಬಿದ್ದುಹೋತು. ಕೆಲಸ ಇಲ್ಲ. ಒಂದ ಮನಿಯಾಗ ನಾವು ನಲವತ್ತು ಮಂದಿ ಚೀನಾದವ್ರು. ಊರಿಗೆ ಹೋಗಾಕ ಹಾದಿ ಇಲ್ಲ. ನಮ್ಮೊಳಗ ಒಬ್ಬಾವ ಶೇಂಗಾ, ಸಕ್ಕರಿ ಕಾಸಿ ಚಿಕ್ಕಿಯಂಥಾ ತಟ್ಟಿ ಮಾಡಿದ. ಅದನ್ನ ತಗಡಿನ ಡಬ್ಬಿಗೆ ಹಾಕ್ಕೊಂಡು, ಕೊರಳಿಗೆ ಕಟ್ಟಿಕೊಂಡು, ನಾ ರೇಲ್ವೆ ಸ್ಟೇಷನ್ನಿನ ಮುಂದ ನಿಂತೆ. ಆಗ ನಂಗ ಇಪ್ಪತ್ತು ವರ್ಷ."

"ಮಂದಿ ತಗೊಂಡ್ರಾ?"

"ತಗೊಂಡ್ರು. ನಗ್ತಿದ್ರು, ನಮ್ಮ ಮಾತು ಅಣಗಿಸ್ತಿದ್ರು, ತಗೊಂತಿದ್ರು. ಚಳಿಯಾಗ ನಡಗೋದು ನೋಡಿ ಅಯ್ಯೋ ಪಾಪ ಅಂತ ತಗೊಂತಿದ್ರು. ಎರಡು ತಿಂಗಳಿಗೆ ಪಾಪ ಅನ್ನೋರು ಮುಗದ್ರು. ನಮ್ಮವ್ರು ಭಾಳ ಮಂದಿ ಬಿಟ್ಟರು. ನಾ ಮಾತ್ರ ಮನಿಗೆ ಹೋಗಿ ನಂದೇ ಮಾಲು ಕಡದು ನೋಡಿದೆ. ಕಲ್ಲಿನಂಗ ಇತ್ತು. ಮೊದಲನೇ ತುಂಡು ಮಂದಿ ಕರುಣಾದಿಂದ ತಗೊಂತಾರ ಮೌಲಾಲಿ, ಎರಡನೇದು ರುಚಿ ಇದ್ರ ಮಾತ್ರ. ನಾ ಆ ಎರಡನೇ ತುಂಡು ಮಾಡೋದು ಕಲತೆ."

ಕಲಿಯಲು ಅವನಿಗೆ ಒಂದು ಚಳಿಗಾಲ ಹಿಡಿಯಿತು. ಆ ದೇಶದ ಮಂದಿ ಬೆಣ್ಣೆ ತಿನ್ನುವವರೆಂದು ಕಂಡು ಚೂರು ಬೆಣ್ಣೆ ಸೇರಿಸಿದ. ಮುದುಕರಿಗೆ ಹಲ್ಲಿಲ್ಲವೆಂದು ಕಾಳನ್ನು ಒಡೆದು ಹಾಕಿದ. ಒಂದೇ ಸ್ಟೇಷನ್ನಿನ ಮುಂದೆ ಐದು ವರ್ಷ ನಿಂತ. ಅಲ್ಲಿಯೇ ಟಿಕೆಟ್ ಕೊಡುತ್ತಿದ್ದವನ ತಂಗಿ ಯಾನ್ನಾಳ ಪರಿಚಯವಾಯಿತು. ಮದುವೆಯಾಗಿ ಇಬ್ಬರೂ ಒಂದು ಚಹಾದಂಗಡಿ ಹಾಕಿದರು. ಯುದ್ಧದಲ್ಲಿ ಬಾಂಬು ಬಿದ್ದು ಆ ಬೀದಿಯೇ ಹೋಯಿತು. ಯುದ್ಧ ಮುಗಿದ ಮೇಲೆ ತಾವು ಆಳುತ್ತಿದ್ದ ಇಂಡೋನೇಷಿಯಾದಿಂದ ಡಚ್ ಸಿಪಾಯಿಗಳು ಹಿಂದಿರುಗಿದರು. ಅವರ ನಾಲಗೆಗೆ ಅಲ್ಲಿಯ ಅನ್ನ, ಖಾರ, ಶೇಂಗಾದ ಗೊಜ್ಜು ಹತ್ತಿಬಿಟ್ಟಿತ್ತು. ಲೌ ಅದನ್ನು ಎಲ್ಲರಿಗಿಂತ ಮೊದಲು ಗಮನಿಸಿದ. ತನ್ನ ದೇಶದ್ದಲ್ಲದ ಅಡುಗೆಯನ್ನು ಪರದೇಶದ ಮಂದಿಗೆ ಮಾಡಿ ಬಡಿಸಿ ಹೋಟೆಲು ಕಟ್ಟಿದ.

ಎಪ್ಪತ್ತೆಂಟರಲ್ಲಿ ಆ ಹೋಟೆಲಿಗೆ ಒಂದು ಸುದ್ದಿ ಬಡಿಯಿತು. ಚೀನೀಯರು ಬೆಕ್ಕಿನ ಮಾಂಸ ಬೇಯಿಸುತ್ತಾರೆ ಎಂದು ಯಾರೋ ಹೇಳಿದರು. ಯಾರು, ಯಾವಾಗ ಎಂದು ಯಾರಿಗೂ ಗೊತ್ತಿಲ್ಲ. ಹದಿನೈದು ದಿನದಲ್ಲಿ ಮೇಜುಗಳು ಖಾಲಿಯಾದವು. ಇಪ್ಪತ್ತು ವರ್ಷದಿಂದ ಬರುತ್ತಿದ್ದವರೂ ಎದುರಿನ ಬದಿಯಿಂದ ತಲೆ ತಗ್ಗಿಸಿ ದಾಟಿ ಹೋದರು. ಯಾನ್ನಾ ಅಡುಗೆಮನೆಗೆ ಬಂದು ಏಪ್ರನ್ ಕಳಚಿ ಗೂಟಕ್ಕೆ ಹಾಕಿದಳು.

"ನನ್ನ ಮಂದಿ ಇವ್ರು," ಎಂದಳು. "ನನಗ ನಾಚಿಕಿ ಆಗ್ತದ."

ಲೌ ಬಾಗಿಲು ಮುಚ್ಚುವ ಮಾತಾಡಿದ. ಒಂದು ತಿಂಗಳಾದ ಮೇಲೆ ಜನ ಮರೆಯುತ್ತಾರೆ ಎಂದ. ಕಾಕಾ ಅಲ್ಲಿಯವರೆಗೆ ಎದುರು ಮಾತಾಡಿದವರಲ್ಲ. ಅಂದು ಮಾತಾಡಿದರು.

"ಮುಚ್ಚಿದ್ರ ಖರೇನ ಇರಬೇಕು ಅಂತಾರ್ರಿ. ನಮ್ಮವ್ವ ರಸ್ತಾದ ಮ್ಯಾಲೆ ಕೂತು ಹುರೀತಾಳ. ಎಲ್ಲಾರ ಕಣ್ಣ ಮುಂದ. ಏನ್ ಹಾಕ್ತಿ ಅಂತ ಇವತ್ತಿಗೂ ಯಾರೂ ಕೇಳಿಲ್ಲ. ಈ ಗ್ವಾಡಿ ಒಡೀರಿ."

ಮೂರನೇ ದಿನ ಬೆಳಿಗ್ಗೆ ಕಾಕಾ ಬರುವಷ್ಟರಲ್ಲಿ ಅರವತ್ತೇಳು ವರ್ಷದ ಮುದುಕ ಸುತ್ತಿಗೆ ಹಿಡಿದು ಬೀದಿಯ ಕಡೆಯ ಗೋಡೆ ಒಡೆಯುತ್ತಿದ್ದ. ಅಲ್ಲಿ ಎದೆಮಟ್ಟದಿಂದ ಮಾಳಿಗೆಯವರೆಗೆ ಗಾಜು ಕೂಡಿಸಿದರು. ಮಾಂಸ ತಂದ ಅಂಗಡಿಯ ಚೀಟಿಯನ್ನು ದಿನವೂ ಗಾಜಿಗೆ ಅಂಟಿಸಿದರು. ಗಾಜಿನ ಹಿಂದೆ ಮೊದಲ ಒಲೆ ಕಾಕಾನದು. ಸುಟ್ಟ ಕೈ ಜನರಿಗೆ ಕಾಣುತ್ತದೆಂದು ಅವರು ಉದ್ದ ತೋಳಿನ ಅಂಗಿ ಹಾಕಿ ಬಂದರೆ, ಲೌ ತಾನೇ ತೋಳು ಮಡಚಿದ. "ಏನೂ ಮುಚ್ಚೋದು ಬ್ಯಾಡ," ಎಂದ.

ಮೊದಲ ವಾರ ಮಂದಿ ಹೊರಗೇ ನಿಂತು ನೋಡಿದರು. ಎರಡನೇ ವಾರ ಟ್ರಾಮ್ ಓಡಿಸುವ ಒಬ್ಬ ಮನುಷ್ಯ ಹೆಂಡತಿ ಮಕ್ಕಳ ಸಮೇತ ಒಳಗೆ ಬಂದು ಕೂತ. ಮೂರು ತಿಂಗಳಿಗೆ ಶನಿವಾರ ಜಾಗ ಸಿಗದೆ ಜನ ಸಾಲಿನಲ್ಲಿ ನಿಲ್ಲುತ್ತಿದ್ದರು. ಶೇಂಗಾ ಹುರಿಯುವುದನ್ನು ನೋಡಲೆಂದೇ ಬರುವವರಿದ್ದರು.

"ನಾ ಬಾಣಲಿ ಝಾಡಿಸಿದ್ರ ಹೊರಗ ಚಪ್ಪಾಳಿ ಬೀಳ್ತಿದ್ವು ಬೇ," ಎಂದು ಹೇಳುವಾಗ ಕಾಕಾನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಮರುವರ್ಷ ಅವರು ಊರಿಗೆ ಬಂದು ಜೇವರ್ಗಿಯ ಸರ್ವರಬೇಗಂರನ್ನು ಮದುವೆಯಾದರು. ಎರಡು ತಿಂಗಳು ಇದ್ದು ಮರಳಿ ಹೋದರು. ಸರ್ವರ ಚಾಚಿ ಅತ್ತೆ ಅಜೀಜಾಬಿಯ ಜತೆ ಇಲ್ಲೇ ಉಳಿದರು. ಚಾಚಿ ಏಳನೆಯವರೆಗೆ ಕನ್ನಡ ಶಾಲೆ ಓದಿದವರು. ಆ ಮನೆಯಲ್ಲಿ ಮಾತೆಲ್ಲ ಉರ್ದುವಿನಲ್ಲಿ, ಪತ್ರ ಮತ್ತು ಜಗಳ ಮಾತ್ರ ಕನ್ನಡದಲ್ಲಿ. ಪತ್ರ ಬಂದ ದಿನ ಚಾಚಿ ಕಿಂಡಿಯಲ್ಲಿ ಅವ್ವನಿಗೆ ಓದಿ ಹೇಳುತ್ತಿದ್ದರು. ಬಿಟ್ಟು ಓದಬೇಕಾದ ಸಾಲುಗಳು ಬಂದಾಗ ಸುಮ್ಮನೆ ನಗುತ್ತಿದ್ದರು. ಒಂದು ಪತ್ರದಲ್ಲಿ ಕಾಕಾ, ಬೇರೆ ಸುದ್ದಿ ಏನೂ ಇಲ್ಲದ್ದರಿಂದ, ಲೌ ಅಜ್ಜ ಸ್ಟೇಷನ್ನಿನ ಮುಂದೆ ನಿಂತ ಕಥೆಯನ್ನೂ, ಅವನ ಶೇಂಗಾ ಚಿಕ್ಕಿ ಮಾಡುವ ಬಗೆಯನ್ನೂ ನಾಲ್ಕು ಪುಟ ಬರೆದರು. ಬರೆದು ಮರೆತೂಬಿಟ್ಟರು.

ಅಲ್ಲಿ ರಾಟರ್‌ಡ್ಯಾಮಿನಲ್ಲಿ ಚೀನೀ ಅಡುಗೆಯವರು ಒಬ್ಬೊಬ್ಬರಾಗಿ ಬೇರೆ ಊರಿಗೆ ಹೋಗಿ ತಮ್ಮದೇ ಹೋಟೆಲು ತೆರೆದರು. ಪಾತ್ರೆ, ಒಲೆ, ಮೊದಲ ತಿಂಗಳ ಅಕ್ಕಿ ಎಲ್ಲವನ್ನೂ ಲೌ ಕೊಟ್ಟು ಕಳಿಸಿದ. ಅವರಲ್ಲಿ ಅದೇ ಪದ್ಧತಿ. ಒಬ್ಬನ ಕೈಕೆಳಗೆ ಕಲಿತವನು ಮುಂದಿನ ಊರಿನಲ್ಲಿ ಒಲೆ ಹೂಡಬೇಕು. ಕಾಕಾ ಮಾತ್ರ ಉಳಿದರು. ಎಂಬತ್ತನಾಲ್ಕರಲ್ಲಿ ಲೌಗೆ ಎಪ್ಪತ್ಮೂರು. ಕೈ ನಡುಗತೊಡಗಿತ್ತು.

"ಹೆಂಡತೀನ ಕರಕೊಂಡು ಬಾ," ಎಂದ. "ನಾ ಹೋದ ಮ್ಯಾಲೆ ಈ ಹೋಟೆಲು ನಿಂದು. ಯಾನ್ನಾನೂ ಒಪ್ಯಾಳ."

ಹಾಗೆ ಕಾಕಾ ಹೆಂಡತಿಯನ್ನು ಕರೆದೊಯ್ಯಲು ಊರಿಗೆ ಬಂದರು. ಅಂದು ನಾನು ಅಲ್ಲೇ ಇದ್ದೆ. ನನಗೆ ಹನ್ನೊಂದು ವರ್ಷ. ಸೋಲಾಪುರದ ಕಡೆಯಿಂದ ಬಂದ ಬಸ್ಸಿನಿಂದ ಎರಡು ಸೂಟ್‌ಕೇಸ್ ಹಿಡಿದು ಇಳಿದವರು ನೆಟ್ಟಗೆ ನಮ್ಮ ಓಣಿಗೆ ಬಂದು, ತಮ್ಮ ಮನೆಯ ಮುಂದೆ ನಿಂತುಬಿಟ್ಟರು. ಅಂಗಳದಲ್ಲಿ ತಗಡಿನ ಚಪ್ಪರ, ಎರಡು ದೊಡ್ಡ ಒಲೆ. ಒಂದರ ಮುಂದೆ ಅಜೀಜಾಬಿ ಶೇಂಗಾ ಹುರಿಯುತ್ತಿದ್ದರು, ಇನ್ನೊಂದರ ಮೇಲೆ ನನ್ನ ಅವ್ವ ಬೆಲ್ಲದ ಪಾಕ ತಿರುವುತ್ತಿದ್ದಳು. ಸರ್ವರ ಚಾಚಿ ಹಲಗೆಯ ಮೇಲೆ ಚಿಕ್ಕಿ ಕೊಯ್ಯುತ್ತಿದ್ದರು. ಇನ್ನೂ ಇಬ್ಬರು ಹೆಂಗಸರು ಕಾಗದದಲ್ಲಿ ಸುತ್ತುತ್ತಿದ್ದರು.

"ಇದು ಯಾರ ಮನಿ?" ಎಂದರು ಕಾಕಾ. ನಿಜವಾಗಿಯೂ ಕೇಳಿದ್ದು.

ಚಾಚಿ ತಲೆಯ ಮೇಲೆ ಸೆರಗೆಳೆದುಕೊಂಡರು. "ನಿಮ್ಮದೇ ಮನಿ ಅದರಿ. ಒಳಗ ಬರ್ರಿ. ಕಾಲು ನೋಡಿ ಇಡ್ರಿ, ಪಾಕ ಚೆಲ್ಯಾದ."

ನಡೆದದ್ದು ಇಷ್ಟು. ಎರಡು ವರ್ಷದ ಹಿಂದೆ ಆ ನಾಲ್ಕು ಪುಟದ ಪತ್ರ ಓದಿ ಚಾಚಿಯೂ ಅವ್ವನೂ ಒಂದು ಸೇರು ಶೇಂಗಾದಲ್ಲಿ ಮಾಡಿ ನೋಡಿದ್ದರು. ಗಾಣಗಾಪುರಕ್ಕೆ ಬರುವ ಯಾತ್ರಿಕರಿಗೆ ಮಾರಬೇಕೆಂಬುದು ಚಾಚಿಯ ವಿಚಾರ. ಸಕ್ಕರೆ ಹಾಕಿದ್ದು ಯಾರಿಗೂ ಹಿಡಿಸಲಿಲ್ಲ. ಬೆಲ್ಲಕ್ಕೆ ಬದಲಿಸಿದರು, ಎಳ್ಳು ಸೇರಿಸಿದರು, ಒಣಶುಂಠಿ ಸೇರಿಸಿದರು. ಗಾಣಗಾಪುರದ ಅಂಗಡಿಕಾರ ಖಂಡಪ್ಪ, ದೇವರಿಗೆ ಬಂದವರು ನಿಮ್ಮ ಮನೆಯದನ್ನು ತಿನ್ನುತ್ತಾರೋ ಇಲ್ಲವೋ ಎಂದು ಅನುಮಾನ ಮಾಡಿದ. "ಬಂದು ನೋಡ್ರಿ," ಎಂದು ಚಾಚಿ ಕರೆಸಿದರು. ಗಾಜಿನ ಗೋಡೆಯ ಕಥೆಯೂ ಅವರಿಗೆ ಪತ್ರದಿಂದ ಗೊತ್ತಿತ್ತು, ಗಾಜಿಲ್ಲದ್ದಕ್ಕೆ ಒಲೆಯನ್ನೇ ಅಂಗಳಕ್ಕೆ ತಂದರು. ಖಂಡಪ್ಪ ಒಂದು ತಾಸು ಕೂತು ನೋಡಿದ. ಹೋಗುವಾಗ ಎರಡು ಬುಟ್ಟಿ ಒಯ್ದ. ಮುಸಲ್ಮಾನರ ಮನೆಯಲ್ಲಿ ದುಡಿಯುತ್ತಾಳೆಂದು ನಮ್ಮ ಬಂಧುಗಳಲ್ಲಿ ಕೆಲವರು ಅವ್ವನನ್ನು ಆಡಿಕೊಂಡರು. ನನ್ನ ಅಪ್ಪ ಶಿವರಾಯ ಹೆಚ್ಚು ಮಾತಿನವನಲ್ಲ. "ಕೆಲಸ ಮಾಡಾಕತ್ತಾಳ. ಅದಕ್ಕಿಂತ ದೊಡ್ಡ ಪೂಜಿ ಯಾವುದದ?" ಎಂದು ಅವರ ಬಾಯಿ ಮುಚ್ಚಿಸಿದ್ದ.

ಕಾಕಾ ಎಲ್ಲವನ್ನೂ ಕೇಳಿದರು. ಸಿಟ್ಟು ಬಂದಿತ್ತು. "ನಂಗ ಯಾಕ ಬರೀಲಿಲ್ಲ?"

"ಬರದಿದ್ರ ಬ್ಯಾಡ ಅಂತಿದ್ರಿ."

"ಮಂದಿ ಏನಂತಾರ? ಗಂಡ ಪರದೇಶದಾಗ ದುಡೀತಾನ, ಹೆಂಡತಿ ಚಿಕ್ಕಿ ಮಾರತಾಳ ಅಂತ..."

"ಮೊದಲನೇದು ಹಂಗ ಅಂದು ತಗೊಂಡ್ರು ಖರೇ. ಅಯ್ಯೋ ಪಾಪ ಅಂದ್ರು," ಎಂದರು ಚಾಚಿ. "ಈಗ ಹಂಗ ಅನ್ನಂಗಿಲ್ರಿ. ಈಗ ಸಾಲದು ಅಂತಾರ."

ಮೂರು ದಿನ ಗಂಡಹೆಂಡತಿ ಕನ್ನಡದಲ್ಲೇ ಮಾತಾಡಿದರು. ನಾಲ್ಕನೇ ದಿನ ಕಾಕಾ ಹೋಟೆಲಿನ ಮಾತು ತೆಗೆದರು. ವೀಸಾ, ಅಲ್ಲಿಯ ಮನೆ, ಬೀದಿಯ ಟ್ರಾಮು ಎಲ್ಲವನ್ನೂ ಬಣ್ಣಿಸಿದರು. ಚಾಚಿ ಕೊಯ್ಯುವುದನ್ನು ನಿಲ್ಲಿಸದೆ ಕೇಳಿದರು.

"ನಿಮ್ಮ ಅಜ್ಜಾರು ಪರದೇಶಕ್ಕ ಹೋಗಿ ಯಾಕ ಅಂಗಡಿ ಹಾಕಿದ್ರು? ಊರಿಗೆ ಬರಾಕ ಹಾದಿ ಇರಲಿಲ್ಲ ಅದಕ್ಕ. ನಿಮಗ ಹಾದಿ ಅದ. ನಂಗ ಇಲ್ಲೇ ಅಂಗಡಿ ಅದ. ನನ್ನ ಒಲಿ ಬಿಟ್ಟು ಬಂದು ಆ ಹೋಟೆಲಿನ್ಯಾಗ ನಾ ಯಾರು?"

ಕಾಕಾ ಹಲಗೆಯ ಮೇಲಿಂದ ಒಂದು ತುಂಡು ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. ಬಂದು ನಾಲ್ಕು ದಿನವಾದರೂ ಅವರು ಅದನ್ನು ಮುಟ್ಟಿರಲಿಲ್ಲ. ನಿಧಾನ ಅಗಿದರು. ಆಮೇಲೆ ಎದ್ದು, ತಾಯಿಯ ಕೈಯಿಂದ ಜಾಲರಿ ಇಸಿದುಕೊಂಡು ಒಲೆಯ ಮುಂದೆ ಕೂತರು. ಅಜೀಜಾಬಿ ಮಗನಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದರು.

ಲೌಗೆ ಪತ್ರ ಬರೆಯಲು ಅವರಿಗೆ ಒಂದು ತಿಂಗಳು ಬೇಕಾಯಿತು. ಅಷ್ಟು ಉಪಕಾರ ಮಾಡಿದವನಿಗೆ ಬರುವುದಿಲ್ಲ ಎಂದು ಹೇಗೆ ಬರೆಯುವುದು? ಉತ್ತರ ಯಾನ್ನಾಳ ಕೈಬರಹದಲ್ಲಿ ಬಂತು. ಅದರಲ್ಲಿ ಲೌ ಹೇಳಿಸಿದ ಮಾತು ಒಂದೇ: "ನನ್ನಲ್ಲಿ ಕಲಿತವರು ಆರು ಊರಿನಲ್ಲಿ ಒಲೆ ಹೂಡಿದ್ದಾರೆ. ನೀನು ಏಳನೆಯವನು. ನಿನ್ನ ಊರು ಸ್ವಲ್ಪ ದೂರ, ಅಷ್ಟೇ." ಜತೆಗೊಂದು ಪಾರ್ಸೆಲ್ಲು, ಒಳಗೆ ಚಿಕ್ಕಿ ಕೊಯ್ಯುವ ಅಗಲವಾದ ಉಕ್ಕಿನ ಕತ್ತಿ.

ಎಂಬತ್ತೆಂಟರ ಜನವರಿಯಲ್ಲಿ ಲೌ ಮತ್ತು ಯಾನ್ನಾ ಅಫಜಲಪುರಕ್ಕೇ ಬಂದರು. ಹೋಟೆಲನ್ನು ಯಾನ್ನಾಳ ಅಣ್ಣನ ಮಗನಿಗೆ ವಹಿಸಿದ್ದರು. ಎಪ್ಪತ್ತೇಳರ ಮುದುಕ ಕಲಬುರ್ಗಿಯಿಂದ ಕೆಂಪು ಬಸ್ಸಿನಲ್ಲಿ ಬಂದ, ಕಾರು ಬೇಡವೆಂದನಂತೆ. ಆ ದಿನ ನಮ್ಮ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಿಂದಿನ ಓಣಿಯ ಚಾಂದಪಾಶಾ ತಮ್ಮ ಮನೆಯ ಒಂದೇ ಆರಾಮಕುರ್ಚಿ ಹೊತ್ತು ತಂದರು. ಲೌ ಕುರ್ಚಿಯಲ್ಲಿ ಕೂರಲಿಲ್ಲ. ಒಲೆಯ ಮುಂದೆ ಹೆಂಗಸರ ಸಾಲಿನಲ್ಲಿ ಕೂತು, ಒಂದು ತುಂಡು ತಿಂದು, ಕಾಕಾನ ಕಡೆ ತಿರುಗಿ ಏನೋ ಹೇಳಿದ.

"ಏನಂದ್ರು?" ಎಂದರು ಚಾಚಿ.

"ಸಿಹಿ ಹೆಚ್ಚಾತು ಅಂತಾರ."

ಚಾಚಿಗೆ ಅವನು ದೊಡ್ಡವನು, ಪರದೇಶದವನು ಎಂಬ ಯಾವ ಅಳುಕೂ ಇರಲಿಲ್ಲ. "ಅವರಿಗೆ ಹೇಳ್ರಿ. ಇಲ್ಲಿ ಮಂದಿ ಬಿಸಲಾಗ ನಡಕೋತ ಬಂದಿರ್ತಾರ. ಹಸದಿರ್ತಾರ. ಬೆಲ್ಲ ಕಡಿಮಿ ಮಾಡಿದ್ರ ತಿರುಗಿ ಬರಂಗಿಲ್ಲ. ಅವರ ಊರಾಗ ಬೆಣ್ಣಿ ಹಾಕಲಿಲ್ಲೇನು ಅವರು? ನಾ ಇಲ್ಲಿ ಬೆಲ್ಲ ಹಾಕ್ತೇನಿ."

ಕಾಕಾ ತಡವರಿಸುತ್ತ ಅಷ್ಟನ್ನೂ ಹೇಳಿದರು. ಲೌ ಕಣ್ಣು ಸಣ್ಣ ಮಾಡಿ ಚಾಚಿಯನ್ನು ನೋಡಿದ. ಆಮೇಲೆ ಅರ್ಧ ಹಲ್ಲು ಬಿದ್ದ ಬಾಯಿ ತೆರೆದು ನಕ್ಕ. ನಗು ನಿಂತ ಮೇಲೆ ಎರಡೂ ಕೈ ಜೋಡಿಸಿ, ನೆಲಕ್ಕೆ ಬಾಗಿ, ಚಾಚಿಗೆ ನಮಸ್ಕಾರ ಮಾಡಿದ. ತನ್ನ ಸರಿಸಮಾನ ವ್ಯಾಪಾರಸ್ಥರಿಗೆ ಮಾಡುವ ನಮಸ್ಕಾರ ಅದು ಎಂದು ಯಾನ್ನಾ ಹೇಳಿದಳಂತೆ. ನನ್ನ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು, ಹೊಗೆಗೆ ಎಂದಳು.

ಹೊರಡುವ ಮುಂಚೆ ಕಾಕಾನ ಎಡಗೈಯನ್ನು ತನ್ನ ಅಂಗೈಯಲ್ಲಿ ಹಿಡಿದು ಲೌ ಬಹಳ ಹೊತ್ತು ಕೂತಿದ್ದ. ಅವರಿಬ್ಬರೂ ಆಡಿದ್ದನ್ನು ಕಾಕಾ ನಮಗೆ ಎಂದೂ ಹೇಳಲಿಲ್ಲ.

ತೊಂಬತ್ತರ ಮೇಲೆ ಅಂಗಳ ಸಾಲದೆ ಪಕ್ಕದ ಖಾಲಿ ಜಾಗಕ್ಕೂ ಚಪ್ಪರ ಬಂತು. ಹನ್ನೊಂದು ಹೆಂಗಸರು ಕೆಲಸ ಮಾಡುತ್ತಿದ್ದರು. ಗಾಣಗಾಪುರವಲ್ಲದೆ ಜೇವರ್ಗಿ, ಆಳಂದ, ಸೋಲಾಪುರಕ್ಕೂ ಬುಟ್ಟಿಗಳು ಹೋಗುತ್ತಿದ್ದವು. ಶೇಂಗಾ ಖರೀದಿಗೆ ಕಾಕಾ ಹಳ್ಳಿಹಳ್ಳಿ ಸುತ್ತುತ್ತಿದ್ದರು. ಒಂದು ಹಿಡಿ ಕಾಯಿ ಅಲುಗಿಸಿ, ಸದ್ದಿನಿಂದಲೇ ಒಳಗಿನ ಕಾಳು ಹೇಳುತ್ತಿದ್ದರಿಂದ ರೈತರೂ ಅವರೊಡನೆ ವಾದಕ್ಕಿಳಿಯುತ್ತಿರಲಿಲ್ಲ. ಖರೀದಿಗೆ ಅವರು, ಒಲೆಗೆ ಚಾಚಿ, ಲೆಕ್ಕಕ್ಕೆ ನನ್ನ ಅವ್ವ.

ತೊಂಬತ್ತನಾಲ್ಕರಲ್ಲಿ ಒಂದು ದಿನ ಕಾಕಾ ಆಳಂದದ ಬಸ್ಸಿನಲ್ಲಿ ಹೋಗುತ್ತಿದ್ದರು. ಪಕ್ಕದಲ್ಲಿ ನಿಂಬರ್ಗಾದ ನಿಂಬೆವ್ವ ಎಂಬ ವಯಸ್ಸಾದ ಹೆಣ್ಣುಮಗಳು ಕೂತಿದ್ದಳು. ತೊಗರಿ ಹೊಲದ ಕೂಲಿ ಮುಗಿಸಿ ಮಗಳ ಊರಿಗೆ ಹೊರಟವಳು. ಅವಳು ಚೀಲದಿಂದ ಒಂದು ಕಾಗದದ ಸುರುಳಿ ತೆಗೆದು ಬಿಡಿಸಿದಳು, ಅರ್ಧ ಮುರಿದು ಕಾಕಾನ ಮುಂದೆ ಹಿಡಿದಳು.

"ತಗೋ ತಮ್ಮಾ. ತಿಂದು ನೋಡು."

"ಎಲ್ಲೀದು ಬೇ ಇದು?"

"ಅಫಜಲಪುರದ್ದು. ಅಲ್ಲಿ ಒಬ್ಬಾಕಿ ಮಾಡ್ತಾಳಂತ. ಮೊಮ್ಮಕ್ಕಳಿಗೆ ಅಂತ ಒಯ್ಯಾಕತ್ತೇನಿ. ಬ್ಯಾರೇದು ಒಯ್ದ್ರ ಅವು ಮುಟ್ಟಂಗಿಲ್ಲ."

ಕಾಕಾ ತಿಂದರು. "ಭಾಳ ಛಲೋ ಅದ," ಎಂದರು. ಅದು ತಮ್ಮ ಮನೆಯದೆಂದು ಹೇಳಲಿಲ್ಲ. ಹೇಳಿದ್ದರೆ ಅವಳು ಇನ್ನೊಂದು ಮಾತು ಆಡುತ್ತಿರಲಿಲ್ಲವೇನೋ.

"ಛಲೋ ಅದ ಖರೇ," ಎಂದಳು ನಿಂಬೆವ್ವ, "ಆದ್ರ ಮಳಿಗಾಲದಾಗ ಕಾಗದಕ್ಕ ಹತ್ತಿಕೊಂತದ."

ಮರುದಿನ ಮುಂಜಾನೆ ಕಿಂಡಿಯಲ್ಲಿ ಚಾಚಿಯ ದನಿ ಕೇಳಿಸಿತು. ಅವ್ವ ಇನ್ನೂ ಚಹಾ ಕುಡಿದಿರಲಿಲ್ಲ. "ಗೌರಾಬಾಯಿ, ಏಳ ಬೇ. ಪಾಕ ಇನ್ನೊಂದೀಟು ಏರಿಸಿ ನೋಡೂಣು. ನಿಂಬರ್ಗಾದಾಕಿ ಒಬ್ಬಾಕಿ ತಪ್ಪು ಹಿಡದಾಳ." ಆ ದನಿಯಲ್ಲಿದ್ದ ಸಂಭ್ರಮಕ್ಕೆ ನಾನು ಹಾಸಿಗೆಯಿಂದ ಎದ್ದು ಕೂತೆ. ಅವ್ವ ಸೆರಗು ಸಿಕ್ಕಿಸಿಕೊಂಡು ಆಗಲೇ ಹೊಸ್ತಿಲು ದಾಟಿದ್ದಳು.